ಸಮಾಧಾನದ ಹೊತ್ತಿಗೆ ಎದ್ದು ಹೋಗುವವರಿಗೆ

ಈ ಅಂಕಣಕ್ಕೆ ಬಂದ ಹನ್ನೊಂದು ಪತ್ರಗಳಲ್ಲಿ ಹತ್ತನ್ನು ಬದಿಗಿಟ್ಟಿದ್ದೇನೆ. ಪಾಲುಪಟ್ಟಿಯ ಜಗಳದವರು, ಮಗಳ ಮದುವೆಯ ಚಿಂತೆಯವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದು ಒಂದು ವಾರ ಕಾದರೆ ಕೆಡುವಂಥದ್ದಲ್ಲ. ಹನ್ನೊಂದನೆಯದನ್ನು ಓದಿದ ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ. ಅರ್ಧ ಮರುಕಕ್ಕೆ, ಅರ್ಧ ಸಿಟ್ಟಿಗೆ.

ಬರೆದವರಿಗೆ ಮೂವತ್ತಾರು ವರ್ಷ. ಊರು ಉಡುಪಿಯಿಂದ ಅರ್ಧ ಗಂಟೆಯ ಬಸ್ಸಿನ ದಾರಿ, ಅಷ್ಟು ಸಾಕು. ಗಂಡ ಮಸ್ಕತ್‌ನಲ್ಲಿ, ಮಗ ಐದನೇ ಕ್ಲಾಸು, ಮನೆಯಲ್ಲಿ ಅತ್ತೆ. ಹುಟ್ಟಿದಾಗಿನಿಂದ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ. ಸಭೆಯವರು, ಸಂಡೇಸ್ಕೂಲಿನಲ್ಲಿ ಪಾಠ ಮಾಡಿದವರು. ಹೋದ ಮಳೆಗಾಲದಿಂದ ಪ್ರಾರ್ಥನೆಗೆ ಕೂತರೆ ಸಾಕು, ದೇವರ ಬಗ್ಗೆ ಹೊಲಸು ಮಾತುಗಳು ತಲೆಯೊಳಗೆ ತಾವಾಗಿಯೇ ಏಳುತ್ತವಂತೆ. ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ. ಬೈಬಲಿನಲ್ಲಿ ಹೇಳಿದ ಕ್ಷಮೆಯೇ ಇಲ್ಲದ ಆ ಪಾಪ, ಪವಿತ್ರಾತ್ಮ ದೂಷಣೆ, ತನ್ನಿಂದ ಆಗಿಹೋಯಿತು ಎಂಬ ಹೆದರಿಕೆ. ಗಂಡನಿಗೆ ಫೋನಿನಲ್ಲಿ ಹೇಳಿದರೆ "ನೀನು ಜಾಸ್ತಿ ಯೋಚನೆ ಮಾಡ್ತಿ" ಅನ್ನುತ್ತಾರೆ. ಸಭಾಪಾಲಕರು, ಅಂದರೆ ಪಾದ್ರಿಗಳು, ಈಚೆಗೆ ವರ್ಗವಾಗಿ ಬಂದವರು, ಅವರ ಹತ್ತಿರ ಬಾಯಿ ಬಿಡಲು ನಾಚಿಕೆ. ಆಗ ಸಿಕ್ಕಿದವರೇ ಆಂಟಿ.

ಈ ಆಂಟಿ ಮಂಗಳೂರಿನ ಒಂದು ಫ್ಲ್ಯಾಟಿನಲ್ಲಿ ಶುಕ್ರವಾರದ ಉಪವಾಸ ಪ್ರಾರ್ಥನೆ ನಡೆಸುತ್ತಾರೆ. ವಿಷಯ ಕೇಳಿದ ಕೂಡಲೇ ಅವರು ಹೇಳಿದ್ದು: ಇದು ಯುದ್ಧ, ನಿನ್ನ ಜೀವನದಲ್ಲಿ ಎಲ್ಲೋ ಒಂದು ಬಾಗಿಲು ತೆರೆದಿದೆ, ಶತ್ರು ಅಲ್ಲಿಂದ ಒಳಗೆ ಬರುತ್ತಿದ್ದಾನೆ. ಆ ಬಾಗಿಲು ಹುಡುಕಲು ಒಂದು ನೋಟುಪುಸ್ತಕ ಇಡಿಸಿದರು. ಚಿಕ್ಕಂದಿನಿಂದ ಮಾಡಿದ್ದೆಲ್ಲ ಅದರಲ್ಲಿ ಬರೆಯಬೇಕು. ಹತ್ತನೇ ವಯಸ್ಸಿನಲ್ಲಿ ಪಕ್ಕದ ಮನೆಯವರ ಜೊತೆ ಚಾಪೆ ಹಾಸಿ ಬೆಳಗಿನವರೆಗೆ ಯಕ್ಷಗಾನ ನೋಡಿದ್ದು ಬಾಗಿಲಂತೆ. ಅಷ್ಟಮಿಗೆ ಆ ಮನೆಯಿಂದ ಬಂದ ಚಕ್ಕುಲಿ, ಉಂಡೆ ತಿಂದದ್ದೂ ಬಾಗಿಲಂತೆ. ಚಕ್ಕುಲಿ ದಾರಿಯಾಗಿ ಸೈತಾನ ಬರುವುದಾದರೆ ಉಡುಪಿ ಜಿಲ್ಲೆಯಲ್ಲಿ ಒಬ್ಬ ಕ್ರೈಸ್ತನೂ ಉಳಿಯುತ್ತಿರಲಿಲ್ಲ. ಕ್ರಿಸ್ಮಸ್ಸಿಗೆ ನಿಮ್ಮಮ್ಮ ಅದೇ ತಟ್ಟೆಯಲ್ಲಿ ಕುಸ್ವಾರ್ ತಿಂಡಿ ತುಂಬಿ ವಾಪಸ್ ಕಳಿಸಿದ್ದರಲ್ಲ, ಅದನ್ನು ಆಂಟಿ ಯಾವ ಪುಟದಲ್ಲಿ ಬರೆಸಿದರು?

ಇಷ್ಟಕ್ಕೂ ಮೇಲೆ, ದಿನಾ ರಾತ್ರಿ ಮೂರು ಗಂಟೆಗೆ ಎದ್ದು ಒಂದು ತಾಸು ಪ್ರಾರ್ಥಿಸಿ ಗುಂಪಿಗೆ ವಾಯ್ಸ್ ಮೆಸೇಜ್ ಹಾಕಬೇಕು. ಹಾಕದಿದ್ದರೆ ಬೆಳಿಗ್ಗೆ ಫೋನು.

ನಾಲ್ಕು ಪುಟದ ಪತ್ರ. ಇದೆಲ್ಲ ಮೂರು ಮುಕ್ಕಾಲು ಪುಟ ತುಂಬಿದೆ. ಕೊನೆಗೆ, ಸಹಿಗಿಂತ ಸ್ವಲ್ಪ ಮೇಲೆ, ಜಾಗ ಉಳಿಯಿತು ಅಂತ ಬರೆದ ಹಾಗೆ ಒಂದು ಸಾಲು: "ಪ್ರಭುಭೋಜನದ ಭಾನುವಾರ ಸಮಾಧಾನ ಹಂಚುವ ಹೊತ್ತಿಗೆ ಮಗನಿಗೆ ನೀರು ಕುಡಿಸುವ ನೆಪದಲ್ಲಿ ಎದ್ದು ಹೊರಗೆ ಹೋಗುತ್ತೇನೆ. ನನ್ನೊಳಗೇ ಇಲ್ಲದ್ದನ್ನು ಇನ್ನೊಬ್ಬರಿಗೆ ಹೇಗೆ ಕೊಡಲಿ, ಸುಳ್ಳಾಗುತ್ತದಲ್ಲ?"

(ಗೊತ್ತಿಲ್ಲದವರಿಗೆ: ಪ್ರಭುಭೋಜನ ಎಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ಅದರಲ್ಲಿ ಪಕ್ಕದವರ ಕೈ ಹಿಡಿದು ದೇವರ ಸಮಾಧಾನ ಹಾರೈಸುವುದೇ ಸಮಾಧಾನ ಹಂಚುವುದು.) ನೀವು ಕೇಳಿದ ಪ್ರಶ್ನೆ ಇದಲ್ಲ. ಆದರೆ ನಾನು ಉತ್ತರಿಸುವುದು ಇದಕ್ಕೇ.

ಸಿ.ಎಸ್.ಐ. ಸಭೆ ಹುಟ್ಟಿದ್ದು 1947ರಲ್ಲಿ. 1950ರಲ್ಲಿ ಪ್ರಭುಭೋಜನಕ್ಕೆ ತನ್ನದೇ ಆರಾಧನಾ ಕ್ರಮ ಮಾಡಿಕೊಂಡಾಗ, ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ಕೇರಳದ ಸುರಿಯಾನಿ ಕ್ರೈಸ್ತರ ಆರಾಧನೆಯಿಂದ ತಂದುಕೊಂಡಿತು. ಕೊಡುವವರ ಬಲ ಅಂಗೈ ತೆಗೆದುಕೊಳ್ಳುವವರ ಬಲ ಅಂಗೈಗೆ ತಾಗಬೇಕು, ಇಬ್ಬರ ಎಡಗೈಯೂ ಮೇಲಿನಿಂದ ಮುಚ್ಚಬೇಕು. ಈಗ ಕೆಲವರು ದೂರದಿಂದ ಕೈಮುಗಿದು ಮುಗಿಸುತ್ತಾರೆ, ಕೊರೋನಾದ ಮೇಲಂತೂ ಇನ್ನೂ ಹೆಚ್ಚು. ನನಗೆ ಅದು ಸೇರುವುದಿಲ್ಲ, ಇರಲಿ. ಗಮನಿಸಬೇಕಾದದ್ದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು. ಅದು ಮೇಜಿನ ಹತ್ತಿರ ಶುರುವಾಗುತ್ತದೆ. ಸಭಾಪಾಲಕರಿಂದ ಸಹಾಯಕರಿಗೆ, ಅವರಿಂದ ಮುಂದಿನ ಬೆಂಚಿಗೆ, ಅಲ್ಲಿಂದ ಹಿಂದಕ್ಕೆ. ನಿಮ್ಮ ಬೆಂಚಿಗೆ ಬರುವಷ್ಟರಲ್ಲಿ ಅದು ಎಷ್ಟೋ ಕೈ ದಾಟಿ ಬಂದಿರುತ್ತದೆ. ಅದನ್ನು ನಿಮ್ಮೊಳಗಿನಿಂದ ತೆಗೆದು ಕೊಡಿ ಎಂದು ಯಾರೂ ಕೇಳಿಲ್ಲ.

ನನ್ನಜ್ಜ ಜೆಪ್ಪಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಬಾಸೆಲ್ ಮಿಷನ್‌ನವರು 1865ರಲ್ಲಿ ಶುರುಮಾಡಿದ್ದು ಅದು. ಮೇ ತಿಂಗಳ ಕೊನೆಗೆ ನಮ್ಮ ಮನೆಯ ಮಾಡಿನ ಒಡೆದ ಹಂಚು ತೆಗೆದು ಹೊಸತು ಹೊದೆಸುವ ಕೆಲಸ. ಏಣಿಯ ಬುಡದಿಂದ ಪಕ್ಕಾಸಿನ ತುದಿಯವರೆಗೆ ನಾವು ಮಕ್ಕಳು, ದೊಡ್ಡವರು ಸಾಲಾಗಿ ನಿಂತು ಒಂದೊಂದೇ ಹಂಚನ್ನು ಮೇಲೆ ದಾಟಿಸುತ್ತಿದ್ದೆವು. ಒಂದು ವರ್ಷ ನನಗೆ ಜ್ವರ ಬಿಟ್ಟು ಎರಡು ದಿನ ಆಗಿತ್ತು, ಕೈ ನಡುಗುತ್ತಿತ್ತು. ನಾನು ಬೀಳಿಸಿಬಿಡುತ್ತೇನೆ, ಸಾಲಿನಿಂದ ಬಿಡಿ ಎಂದೆ. ಅಜ್ಜ ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಹಂಚನ್ನು ಬೋರಲು ಹಾಕಿ ಬೆನ್ನ ಮೇಲಿನ ಅಕ್ಷರ ತೋರಿಸಿದರು. ಸುಟ್ಟವರ ಹೆಸರು ಅಲ್ಲಿ ಒತ್ತಿತ್ತು, ಇಸವಿ ಸಮೇತ. "ಇದರಲ್ಲಿ ನಿನ್ನ ಹೆಸರು ಉಂಟಾ? ಮತ್ತೆ ನಿನಗ್ಯಾಕೆ ಚಿಂತೆ, ಪಕ್ಕದವನಿಗೆ ಕೊಡು" ಅಂದರು. ಹಂಚುವುದಕ್ಕೂ ಹಂಚಿಗೂ ಕನ್ನಡದಲ್ಲಿ ಒಂದೇ ಮಾತು ಎಂದು ನನಗೆ ಹೊಳೆದದ್ದು ಮಾತ್ರ ನಿಮ್ಮ ಪತ್ರ ಓದಿದ ಮೇಲೆ. ಹಳೇ ಮೇಷ್ಟ್ರಿಣಿಯ ಶ್ಲೇಷೆ, ಸಹಿಸಿಕೊಳ್ಳಿ.

ನಮ್ಮ ಕನ್ನಡ ಬೈಬಲಿನವರು ಬಹಳ ಕಡೆ ಶಾಂತಿ ಎನ್ನದೆ ಸಮಾಧಾನ ಎಂದು ಬರೆದದ್ದು ನಿಮಗೆ ಉಪಕಾರವೂ ಆಗಿದೆ, ತೊಂದರೆಯೂ ಆಗಿದೆ. ಅಳುವ ಮಗುವಿಗೆ ಸಮಾಧಾನ ಮಾಡುತ್ತೇವೆ. ಗದ್ದೆಯ ಬದುವಿನ ಜಗಳದಲ್ಲಿ ಹತ್ತು ವರ್ಷ ಮಾತು ಬಿಟ್ಟ ಇಬ್ಬರು ಕೂತು ಕಾಗದಕ್ಕೆ ಸಹಿ ಹಾಕಿದರೆ ಅವರೊಳಗೆ ಸಮಾಧಾನವಾಯಿತು ಅನ್ನುತ್ತೇವೆ. ಮೊದಲನೆಯದು ಮನಸ್ಸಿನ ಹದ, ಸಂಜೆಯೊಳಗೆ ಬದಲಾಗುತ್ತದೆ. ಎರಡನೆಯದು ಆಗಿಹೋದ ಸಂಗತಿ. ಸಹಿ ಹಾಕಿದವನಿಗೆ ಮರುದಿನ ಹೊಟ್ಟೆನೋವು ಬಂದರೂ ಕಾಗದ ಸುಳ್ಳಾಗುವುದಿಲ್ಲ. ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯ ತೆಗೆಯಿರಿ. ದೇವರೊಂದಿಗೆ ಸಮಾಧಾನ ಎಂದು ಪೌಲ ಹೇಳುವುದು ಯಾವ ಅರ್ಥದಲ್ಲಿ ಎಂದು ಹತ್ತನೇ ವಚನದಲ್ಲಿ ಗೊತ್ತಾಗುತ್ತದೆ: ನಾವು ವೈರಿಗಳಾಗಿದ್ದಾಗಲೇ ಅದು ಆಯಿತು ಎನ್ನುತ್ತಾನೆ. ನಾವು ಸರಿಹೋದ ಮೇಲೆ ಅಲ್ಲ, ನೋಟುಪುಸ್ತಕ ತುಂಬಿದ ಮೇಲೂ ಅಲ್ಲ. ನೀವು ಒಂದು ವರ್ಷದಿಂದ ಹುಡುಕುತ್ತಿರುವುದು ಮೊದಲನೇ ಅರ್ಥದ್ದು. ಅದು ಸಿಗಲಿಲ್ಲವೆಂದು ಎರಡನೆಯದೂ ಇಲ್ಲ ಎಂದುಕೊಂಡಿದ್ದೀರಿ.

ಆಂಟಿಯ ಯುದ್ಧದ ವಿಷಯಕ್ಕೂ ಬರುತ್ತೇನೆ. ಅವರು ನಿಮಗೆ ಎಫೆಸದವರಿಗೆ ಬರೆದ ಪತ್ರದ ಆರನೇ ಅಧ್ಯಾಯವನ್ನು ಬಾಯಿಪಾಠ ಮಾಡಿಸಿದ್ದಾರೆ. ಕತ್ತಿ, ಗುರಾಣಿ, ಶಿರಸ್ತ್ರಾಣ ಎಲ್ಲ ನಿಮ್ಮ ಪತ್ರದಲ್ಲಿದೆ. ಕಾಲಿಗೇನು ಹಾಕಬೇಕು ಎಂದು ನೀವೂ ಬರೆದಿಲ್ಲ, ಅವರೂ ಹೇಳಿದಂತೆ ಕಾಣುವುದಿಲ್ಲ. ಚಪ್ಪಲಿಗೆ ಕೆರ ಎಂಬ ಹಳೇ ಮಾತನ್ನು ನಾನು ಮೊದಲು ಕಲಿತದ್ದೇ ಆ ವಚನದಲ್ಲಿ: ಕಾಲಿಗೆ ಮೆಟ್ಟುವುದು ಸಮಾಧಾನದ ಸುವಾರ್ತೆ. ರೋಮಿನ ಸಿಪಾಯಿಯ ಮೆಟ್ಟಿನ ಅಡಿಗೆ ಕಬ್ಬಿಣದ ಮೊಳೆ ಹೊಡೆದಿರುತ್ತಿತ್ತು, ನೆಲ ಹಿಡಿಯಲಿಕ್ಕೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಅಂಗಳ ಪಾಚಿಗಟ್ಟಿದಾಗ ಅಡಿಕೆ ಸೋಗೆ ಹಾಸುತ್ತೇವಲ್ಲ, ಅದೇ ಕೆಲಸ. ಇನ್ನೊಂದು ಮಾತು, ಆ ಅಧ್ಯಾಯದ 11ರಿಂದ 14ನೇ ವಚನದೊಳಗೆ ಮೂರು ಸಲ ಬರುವ ಆಜ್ಞೆ ನಿಲ್ಲು ಎಂದು. ಓಡು, ಹುಡುಕು, ಬೆನ್ನಟ್ಟು ಎಂದು ಒಂದು ಸಲವೂ ಇಲ್ಲ. ಕಾಲಡಿ ಜಾರುತ್ತಿರುವ ಹೆಂಗಸಿನ ಕೈಗೆ ಕತ್ತಿ ಕೊಟ್ಟು ಬೀಸು ಎಂದರೆ ಅವಳು ಕೊಯ್ದುಕೊಳ್ಳುವುದು ತನ್ನನ್ನೇ.

ಆ ಕ್ಷಮೆಯಿಲ್ಲದ ಪಾಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರ್ಕನ ಸುವಾರ್ತೆಯ ಮೂರನೇ ಅಧ್ಯಾಯದಲ್ಲಿ ಯೇಸು ಅದನ್ನು ಹೇಳಿದ್ದು ಯಾರಿಗೆ ನೋಡಿ. ಕಣ್ಣೆದುರು ಒಳ್ಳೆಯದು ನಡೆಯುತ್ತಿದ್ದರೂ ಅದನ್ನು ದೆವ್ವದ ಕೆಲಸ ಎಂದ ಶಾಸ್ತ್ರಿಗಳಿಗೆ. ಅವರಲ್ಲಿ ಒಬ್ಬನಿಗೂ ರಾತ್ರಿ ನಿದ್ದೆ ಕೆಟ್ಟಿರಲಿಲ್ಲ, ಒಬ್ಬನೂ ಅತ್ತಿರಲಿಲ್ಲ. ಹೆದರಿ ಅಳುವವರು ಆ ಪಾಪ ಮಾಡಿದವರಲ್ಲ ಎಂದು ನಮ್ಮ ಹಿರಿಯ ಸಭಾಪಾಲಕರು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. ನೆರೆಮನೆಯ ಪ್ರೀತಿಯ ಉಂಡೆಯನ್ನು ಸೈತಾನನ ಬಾಗಿಲು ಎಂದವರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಲಿ.

ಬೇಡವೆಂದರೂ ನುಗ್ಗುವ ಹೊಲಸು ಮಾತು, ಅದಕ್ಕೆ ಹೆದರಿ ಮತ್ತೆ ಮತ್ತೆ ಕ್ಷಮೆ ಕೇಳುವುದು, ಇದಕ್ಕೆ ವೈದ್ಯರ ಭಾಷೆಯಲ್ಲಿ ಗೀಳು ಎಂದು ಹೆಸರಿದೆ, ಮದ್ದೂ ಇದೆ. ಭಕ್ತಿವಂತರಿಗೆ ಅದು ಬರುವುದು ಹೆಚ್ಚಾಗಿ ಭಕ್ತಿಯ ವಿಷಯದಲ್ಲೇ, ಎಲ್ಲಿ ಹೆಚ್ಚು ನೋಯುತ್ತದೋ ಅಲ್ಲೇ. ಮಣಿಪಾಲವೋ ಮಂಗಳೂರೋ, ಮನೋವೈದ್ಯರೊಬ್ಬರನ್ನು ನೋಡಿ. ಸಕ್ಕರೆ ಕಾಯಿಲೆಗೆ ಡಾಕ್ಟರ ಹತ್ತಿರ ಹೋಗುವವರು ನಂಬಿಕೆ ಕಳೆದುಕೊಂಡವರೇನೂ ಅಲ್ಲ.

ಈ ಅಂಕಣದ ಹಳೇ ಓದುಗರಿಗೆ ನನ್ನ ಎರಡು ಹಠ ಗೊತ್ತು. ಹಸಿದ ಹೊಟ್ಟೆಯಲ್ಲಿ ಯಾವ ತೀರ್ಮಾನವೂ ಬೇಡ, ರಾತ್ರಿ ಬಂದ ಹೆದರಿಕೆಯ ಲೆಕ್ಕ ಹಗಲು ಹೊತ್ತಿನಲ್ಲಿ ಮಾತ್ರ. ಇದು ನನ್ನ ಸ್ವಂತದ್ದೂ ಅಲ್ಲ. ಸಾಕು, ಸಾಯುತ್ತೇನೆ ಎಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಬಂದು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇಟ್ಟು ಎದ್ದು ತಿನ್ನು ಅಂದ. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ ಊಟ. ಮಾತುಕತೆ ಎಲ್ಲ ಆಮೇಲೆ.

ಈ ಕತೆ ನೆನಪಾದದ್ದು ನಿಮ್ಮ ಅತ್ತೆಯಿಂದ. ಎರಡನೇ ಪುಟದಲ್ಲಿ ನೀವು ಅವರ ಮೇಲೆ ದೂರು ಹೇಳಿದ್ದೀರಿ: "ಮೂರು ಗಂಟೆಗೆ ನಾನು ಅಳುತ್ತಾ ಕೂತರೂ ಅತ್ತೆ ಒಂದು ಮಾತು ಕೇಳುವುದಿಲ್ಲ. ಎದ್ದು ಬಂದು ಅಡುಗೆಮನೆಯ ಲೈಟು ಹಾಕಿ, ಕಣ್ಣ ಚಾ (ಹಾಲಿಲ್ಲದ ಚಾ) ಮಾಡಿ, ಎರಡು ಬಿಸ್ಕತ್ತು ಇಟ್ಟು ಹೋಗಿ ಮಲಗುತ್ತಾರೆ." ಎಪ್ಪತ್ತೊಂದು ವರ್ಷ, ಮಂಡಿನೋವು ಎಂದೂ ನೀವೇ ಬರೆದಿದ್ದೀರಿ. ಅಮ್ಮಾ, ನಾಲ್ಕು ಪುಟದ ಪತ್ರದಲ್ಲಿ ನಿಮಗೆ ಹೆದರಿಕೆ ಹುಟ್ಟಿಸದ ಮನುಷ್ಯರು ಅವರೊಬ್ಬರೇ. ಕೇಳಲು ಬಾರದೆ ಸುಮ್ಮನಿದ್ದಾರೋ, ಕೇಳಿದರೆ ಇನ್ನಷ್ಟು ಅಳುತ್ತೀರೆಂದು ಸುಮ್ಮನಿದ್ದಾರೋ ನನಗೆ ತಿಳಿಯದು. ಆದರೆ ನಿದ್ದೆಗಣ್ಣಿನಲ್ಲಿ ಎದ್ದು ಬೇರೆಯವರಿಗೆ ಚಾ ಕಾಸುವುದು ಎಷ್ಟು ಭಾರ ಎಂದು ತಿಳಿದಿದೆ. ಬಾಗಿಲು ಎಂದು ಹುಡುಕುತ್ತಿದ್ದೀರಲ್ಲ, ಆ ಅಡುಗೆಮನೆಯ ಬಾಗಿಲ ಕಡೆ ನೋಡಿದ್ದರೆ ಸಾಕಿತ್ತು.

ಗಂಡನ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಮಸ್ಕತ್ತಿನ ಸೆಕೆಯಲ್ಲಿ ಶಿಫ್ಟು ಮುಗಿಸಿ ಬಂದವನಿಗೆ ಇದು ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ. ಊರಿಗೆ ಬಂದಾಗ ಹೇಳಿ.

ಆಂಟಿಯ ಗುಂಪಿನಿಂದ ಹೊರಗೆ ಬನ್ನಿ ಎಂದರೆ ನೀವು ಬರುವುದಿಲ್ಲ, ಹೆದರುತ್ತೀರಿ. ನೋಟುಪುಸ್ತಕ ಒಲೆಗೆ ಹಾಕಿ ಎಂದರೆ ಅದಕ್ಕೂ ಕೈ ಬರುವುದಿಲ್ಲ. ಹಾಗಾಗಿ ಅದೆಲ್ಲ ಆಮೇಲೆ ನೋಡೋಣ, ನನ್ನದು ಒಂದೇ ಮಾತು. ಮುಂದಿನ ಪ್ರಭುಭೋಜನದ ಭಾನುವಾರ ಬೆಂಚಿನ ತುದಿಯಲ್ಲಿ ಕೂರಬೇಡಿ. ಗೋಡೆಯ ಕಡೆ ಮಗ, ನಡುವೆ ನೀವು, ದಾರಿಯ ಕಡೆ ಅತ್ತೆ. ಸಮಾಧಾನದ ಹೊತ್ತಿಗೆ ಅತ್ತೆ ನಿಮ್ಮ ಕಡೆ ತಿರುಗುತ್ತಾರೆ. ಆಗ ತಲೆಯೊಳಗೆ ಯಾವ ಹೊಲಸು ಮಾತು ಓಡುತ್ತಿದ್ದರೂ ಓಡಲಿ, ಅದರ ಜೊತೆ ವಾದಕ್ಕೆ ನಿಲ್ಲಬೇಡಿ. ಅಂಗೈ ಚಾಚಿ ತೆಗೆದುಕೊಳ್ಳಿ, ಈ ಕಡೆ ತಿರುಗಿ ಮಗನಿಗೆ ದಾಟಿಸಿ. ಕೈ ನಡುಗಿದರೆ ನಡುಗಲಿ. ಮಗನ ನೀರಿನ ಬಾಟ್ಲಿಯನ್ನು ಮನೆಯಲ್ಲೇ ತುಂಬಿಸಿಕೊಂಡು ಹೋಗಿ.