ಶುರು, ಪ್ರಾರಂಭ ಮತ್ತು ನಾವು ಮರೆತ ಮೊದಲು

ಪತ್ರ: ಕಳೆದ ಸಂಚಿಕೆಯಲ್ಲಿ ‘ಮಳೆಗಾಲ ಶುರು’ ಎಂಬ ತಲೆಬರಹ ನೋಡಿ ಬೇಸರವಾಯಿತು. ಶುರು ಪರಭಾಷೆಯ ಪದ. ‘ಪ್ರಾರಂಭ’ ಎಂಬ ಅಚ್ಚ ಕನ್ನಡ ಪದ ಇರುವಾಗ ಇದೇಕೆ?
– ನಿವೃತ್ತ ಶಿಕ್ಷಕರೊಬ್ಬರು, ತಿಪಟೂರು

ಸಂಪಾದಕರ ಉತ್ತರ: ಮೇಷ್ಟ್ರೇ, ಒಂದು ಪದಕ್ಕಾಗಿ ಕೂತು ಪತ್ರ ಬರೆಯುವ ನಿಮ್ಮಂಥ ಓದುಗರು ಇರುವುದೇ ನಮ್ಮ ಭಾಗ್ಯ. ಶುರು ಹೊರಗಿನಿಂದ ಬಂದದ್ದು ಎಂಬ ಮಾತೂ ನಿಜ. ಆದರೆ ಪ್ರಾರಂಭವನ್ನು ಅಚ್ಚ ಕನ್ನಡ ಅಂದುಬಿಟ್ಟಿರಲ್ಲ, ಅದನ್ನು ಒಪ್ಪಲಾರೆ.

ಪ್ರಾರಂಭ ಸಂಸ್ಕೃತದ್ದು. ಅದರೊಳಗಿನ ಧಾತು ‘ರಭ್’, ಅಂದರೆ ಹಿಡಿ. ‘ಕೆಲಸಕ್ಕೆ ಕೈ ಹಾಕಿದ’ ಅಂತ ನಮ್ಮ ಮನೆಗಳಲ್ಲಿ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಶುರು ಅರಬ್ಬಿಯದು. ಅದರ ಮೂಲದ ಕ್ರಿಯಾಪದಕ್ಕೆ ನೀರು ಕುಡಿಯಲು ನೀರಿಗಿಳಿಯುವುದು ಎಂಬ ಅರ್ಥವಿದೆ. ಮಳೆಗಾಲಕ್ಕೆ ಇದಕ್ಕಿಂತ ಒಪ್ಪುವ ಪದ ಬೇಕೇ? ಅರ್ಜಿ, ತಾಲ್ಲೂಕು, ಜಿಲ್ಲೆ, ವಸೂಲಿ ಕೂಡ ಅರಬ್ಬಿ ಮೂಲದವೇ. ಬಿಜಾಪುರದ ಆದಿಲ್‌ಶಾಹಿಯಿಂದ ಹೈದರ್, ಟಿಪ್ಪುವಿನವರೆಗೆ ಅರಬ್ಬಿ ಪದಗಳು ತುಂಬಿದ್ದ ಪಾರಸಿ ಆಡಳಿತದ ನುಡಿಯಾಗಿದ್ದಾಗ ಇಂಥ ನೂರಾರು ಪದಗಳು ನಮ್ಮಲ್ಲಿ ನೆಲೆ ನಿಂತವು. ಇವಿಲ್ಲದೆ ರೈತನೊಬ್ಬ ತನ್ನ ಕಷ್ಟ ಹೇಳಿಕೊಳ್ಳಲೂ ಆಗದು.

ಅಚ್ಚ ಕನ್ನಡವೇ ಬೇಕಾದರೆ ‘ಮೊದಲು’ ಇದೆಯಲ್ಲ! ತೆಲುಗಿನಲ್ಲೂ ಅದು ಮೊದಲು, ತಮಿಳಿನಲ್ಲಿ ಮುದಲ್. ಅಕ್ಷರಗಳಿಗೆಲ್ಲ ಅಕಾರವೇ ಮುದಲ್ ಎಂದೇ ತಿರುಕ್ಕುರಳ್ ತೊಡಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆರೆದು ನೋಡಿ. ಮೊದಲ್ ಎಂದರೆ ಬುಡ, ಬೇರು. ವ್ಯಾಪಾರಕ್ಕೆ ಹಾಕಿದ ದುಡ್ಡೂ ಮೊದಲೇ. ‘ತುದಿಮೊದಲಿಲ್ಲದ ಮಾತು’ ಅನ್ನುವಾಗ ಆ ಮರದ ಬುಡ ಇನ್ನೂ ನಮ್ಮ ಬಾಯಲ್ಲಿದೆ. ಸಾಲದ ‘ಅಸಲು’ ಇದೆಯಲ್ಲ, ಆ ಅರಬ್ಬಿ ಪದಕ್ಕೂ ಬೇರು ಎಂದೇ ಅರ್ಥ. ಮೂಲಧನದ ‘ಮೂಲ’ ಸಂಸ್ಕೃತದ್ದು, ಅದಕ್ಕೂ ಬೇರು ಎಂದೇ ಅರ್ಥ. ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಮೂರು ನುಡಿಗಳ ಜನ ಗಂಟಿನ ಹಣವನ್ನು ಬೇರು ಅಂದರು. ಓದಿದಾಗ ಮೈ ಜುಮ್ಮೆಂದಿತ್ತು ನನಗೆ. ಕೇರಳದಲ್ಲಿ ಅಂಗಡಿಯ ಯಜಮಾನ ಇವತ್ತಿಗೂ ಮುದಲಾಳಿ. ನಾವು ಆ ಅರ್ಥವನ್ನು ಹೆಚ್ಚುಕಡಿಮೆ ಕೈಬಿಟ್ಟೆವು.

ಇನ್ನು ‘ಹೂಡು’ ನೋಡಿ. ನೇಗಿಲು ಹೂಡುವ ಜನ ಸಂಸಾರ ಹೂಡಿದರು, ಮೊಕದ್ದಮೆ ಹೂಡಿದರು, ಬಂಡವಾಳವನ್ನೂ ಹೂಡಿದರು. ಮಂಡ್ಯ, ಚಾಮರಾಜನಗರದ ಕಡೆ ಯುಗಾದಿಗೆ ಹೊನ್ನಾರು ಕಟ್ಟುತ್ತಾರೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಹೂ ಸುತ್ತಿ, ನೇಗಿಲಿಗೆ ಅರಿಶಿನ ಕುಂಕುಮ ಇಟ್ಟು ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಆರು ಅಂದರೆ ನೇಗಿಲು, ಎತ್ತು ಎಲ್ಲ ಸೇರಿ ಹೂಡಿದ ಜೋಡಿ. ಅದು ಹೊನ್ನಿನದಾಗಲಿ ಎಂಬ ಆಸೆ. ಉತ್ತರ ಕರ್ನಾಟಕದವರು ‘ಮಳಿ ಬರಾಕ ಹತ್ತಿತು’ ಅನ್ನುತ್ತಾರೆ. ಎಷ್ಟು ಚೆನ್ನಾಗಿದೆ ಅಲ್ವಾ?

ನನ್ನ ಸಂಕಟ ಇರುವುದು ಇಲ್ಲಿ. ಇವೆಲ್ಲ ಒಂದೊಂದಾಗಿ ಬರವಣಿಗೆಯಿಂದ ಹೊರಬೀಳುತ್ತಿವೆ. ನಮ್ಮ ನೆಂಟರ ಮಗುವೊಂದು ಪ್ರಬಂಧದಲ್ಲಿ ‘ಮಳೆ ಶುರುವಾಯಿತು’ ಎಂದು ಬರೆದಿತ್ತು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಮೇಲೆ ‘ಪ್ರಾರಂಭಗೊಂಡಿತು’ ಎಂದು ತಿದ್ದಿದ್ದರು. ಅರ್ಧ ಅಂಕ ಕಡಿತ. ಆ ಮಗು ಮುಂದೆ ಮನೆಮಾತನ್ನು ಕಾಗದದ ಮೇಲೆ ಇಡಲು ಹೆದರುತ್ತದೆ. ಸರ್ಕಾರಿ ಸುತ್ತೋಲೆ ನೋಡಿ: ಕಾಮಗಾರಿಯನ್ನು ‘ಪ್ರಾರಂಭಿಸಲಾಗುವುದು’. ಯಾರು ಪ್ರಾರಂಭಿಸುತ್ತಾರೆ, ಯಾವಾಗ, ಒಂದೂ ಇಲ್ಲ. ದೊಡ್ಡ ಪದದ ಹಿಂದೆ ಅವಿತುಕೊಳ್ಳುವುದು ಸುಲಭ. ‘ನಾಳೆ ಕೆಲಸ ಶುರು ಮಾಡ್ತೀವಿ’ ಅಂತ ಬರೆದುಕೊಟ್ಟರೆ ನಾಡಿದ್ದು ಜನ ಬಂದು ಕೇಳುತ್ತಾರೆ.

ಪ್ರಾರಂಭವೂ ಇರಲಿ ಮೇಷ್ಟ್ರೇ, ಅದಕ್ಕೂ ಜಾಗವಿದೆ. ತಲೆಬರಹವನ್ನು ಮಾತ್ರ ಬದಲಾಯಿಸುವುದಿಲ್ಲ. ನಿಮ್ಮಿಂದ ಇನ್ನೊಂದು ಪತ್ರ ಬೇಕು. ತಿಪಟೂರಿನ ಕಡೆ ಬಿತ್ತನೆಗೆ, ತೆಂಗಿನ ಸಸಿ ಇಡುವುದಕ್ಕೆ, ಹೊಸ ಲೆಕ್ಕದ ಪುಸ್ತಕ ತೆರೆಯುವುದಕ್ಕೆ ಹಿರಿಯರು ಯಾವ ಮಾತು ಬಳಸುತ್ತಾರೆ? ಕೇಳಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಹಾಕುತ್ತೇನೆ.