ಎಳ್ಳಮಾಸಿ ಅಡುಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಎಳ್ಳಮಾಸಿ ಎಂದರೆ ಎಳ್ಳ ಅಮಾವಾಸ್ಯೆ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಹಬ್ಬ. ಇಲ್ಲಿ ಭಜ್ಜಿ ಎಂದರೆ ಕರಿದ ತಿಂಡಿಯಲ್ಲ; ಹಸಿ ಕಾಳು, ಸೊಪ್ಪು, ತರಕಾರಿ ಕೂಡಿಸಿ ಕುದಿಸಿದ ಪಲ್ಯ.

ಪ್ರಶ್ನೆ: ನಮ್ಮ ಗಂಡನ ಮನೆ ಭಾಲ್ಕಿ, ತವರುಮನೆ ಯಾದಗಿರಿ. ಅತ್ತೆಯವರು ಭಜ್ಜಿಗೆ ಕಡ್ಲಿಹಿಟ್ಟು ಹಾಕಿ ಗಟ್ಟಿ ಮಾಡ್ತಾರ. ನಮ್ಮವ್ವ ಹಿಟ್ಟು ಮುಟ್ಟಂಗಿಲ್ಲ. ಎಡಿಗೆ ಬಳ್ಳೊಳ್ಳಿ ಬ್ಯಾಡ ಅಂತಾರ ಮಾವನವರು. ಮಕ್ಕಳಿಗೆ ಮೆಂತೆಪಲ್ಯ ಕಹಿ. ಈ ಸಲ ಎರಡೂ ಮನಿಯವರು ಸೇರಿ ಇಪ್ಪತ್ತು ಮಂದಿ ಹೊಲಕ್ಕ ಹೋಗೋದದ. ಎಷ್ಟು ಗಡಿಗಿ ಭಜ್ಜಿ ಮಾಡ್ಲಿ?

ಉತ್ತರ: ಕುದಿಸುವುದು ಒಂದೇ ಗಡಿಗೆ ಸಾಕು. ಯಾವುದನ್ನು ಯಾವಾಗ ಹಾಕುತ್ತೀರಿ ಎಂಬುದರ ಮೇಲೆ ಕಣ್ಣಿಟ್ಟರೆ ನಾಲ್ವರ ಬೇಡಿಕೆಯೂ ಅದರಲ್ಲೇ ತೀರುತ್ತದೆ.

ಇಪ್ಪತ್ತು ಮಂದಿಗೆ ಸುಲಿದ ಹಸಿ ತೊಗರಿಕಾಳು, ಅವರೆಕಾಳು, ಬಟಾಣಿ ತಲಾ ಅರ್ಧ ಕಿಲೋ. ಹಸಿ ಕಡಲೆ, ಹಸಿ ಶೇಂಗಾ ತಲಾ ಕಾಲು ಕಿಲೋ. ಕಾಯಿ ತರುವಾಗ ಇದರ ದುಪ್ಪಟ್ಟು ತೂಗಿಸಿ, ಅರ್ಧದಷ್ಟು ಸಿಪ್ಪೆಯಲ್ಲೇ ಹೋಗುತ್ತದೆ. ಪಾಲಕ್ ಮುಕ್ಕಾಲು ಕಿಲೋ, ಉಳ್ಳಾಗಡ್ಡಿ ತಪ್ಪಲು ಮತ್ತು ಕಡ್ಲಿಪಲ್ಯ ತಲಾ ಕಾಲು ಕಿಲೋ, ಮೆಂತೆ 150 ಗ್ರಾಂ. ನಾಲ್ಕು ಬದನೆಕಾಯಿ, ಮೂರು ಗಜ್ಜರಿ (ಕ್ಯಾರೆಟ್), ಒಂದು ಹಿಡಿ ಬಾರಿಹಣ್ಣು (ಬೋರೆಹಣ್ಣು), 75 ಗ್ರಾಂ ಹಸಿಮೆಣಸಿನಕಾಯಿ, 60 ಗ್ರಾಂ ಹುಣಸೆ.

ಮೊದಲು ಕಾಳುಗಳನ್ನಷ್ಟೇ ಬೇಯಿಸಿ. ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು. ಅಲ್ಲಿಯವರೆಗೆ ಹುಳಿ ಯಾವುದೂ ಹತ್ತಿರ ಬರಬಾರದು, ಹುಳಿ ಬಿದ್ದ ಮೇಲೆ ಕಾಳು ಎಷ್ಟು ಹೊತ್ತು ಕುದಿದರೂ ಮೆದುವಾಗುವುದಿಲ್ಲ. ಹುಣಸೆಯ ವಿಷಯ ಎಲ್ಲರಿಗೂ ಗೊತ್ತು, ಕಡ್ಲಿಪಲ್ಯದ ವಿಷಯ ಮರೆಯುತ್ತಾರೆ. ಕಡಲೆ ಗಿಡದ ಎಲೆಯ ಮೇಲೇ ಹುಳಿ ಒಸರುತ್ತದೆ. ಹೊಲದಲ್ಲಿ ಎಲೆ ಕಿತ್ತು ಬಾಯಿಗೆ ಹಾಕಿಕೊಂಡರೆ ನಾಲಿಗೆಗೆ ತಿಳಿಯುವುದು ಅದೇ. ಹಾಗಾಗಿ ಕಡ್ಲಿಪಲ್ಯ, ಬಾರಿಹಣ್ಣು, ಹುಣಸೆ ರಸ, ಈ ಮೂರೂ ಕೊನೆಗೆ.

ಕಾಳು ಬೆಂದ ಮೇಲೆ ಗಜ್ಜರಿ, ಬದನೆ, ಆಮೇಲೆ ಪಾಲಕ್, ತಪ್ಪಲು, ಅರೆದ ಮೆಣಸಿನಕಾಯಿ. ಮುಚ್ಚಳ ತೆಗೆದೇ ಕುದಿಸಿ, ಮುಚ್ಚಿದರೆ ಸೊಪ್ಪು ಕಂದುತ್ತದೆ. ನಂತರ ಹುಳಿಯವು ಮತ್ತು ಉಪ್ಪು. ಕಡಗೋಲಿನಿಂದ ಅರ್ಧ ಮಸೆಯಿರಿ; ಪೂರ್ತಿ ಮಸೆದರೆ ಕಾಳು ಕಾಣದೆ ಬರೀ ಸೊಪ್ಪಿನ ಸಾರಾಗುತ್ತದೆ.

ಪಾಲು ಮಾಡುವುದು ಇಲ್ಲಿ. ಅರ್ಧ ಭಜ್ಜಿ ಬೇರೆ ಪಾತ್ರೆಗೆ ಬಗ್ಗಿಸಿ, ಅದು ಯಾದಗಿರಿಯವರದು. ಉಳಿದರ್ಧಕ್ಕೆ 80 ಗ್ರಾಂ ಕಡ್ಲಿಹಿಟ್ಟನ್ನು ಮೂರು ಪಟ್ಟು ತಣ್ಣೀರಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಸುರಿಯಿರಿ. ಒಣ ಹಿಟ್ಟನ್ನು ಕುದಿಯುವ ಭಜ್ಜಿಗೆ ಉದುರಿಸಿದರೆ ಹೊರಗೆ ಬೆಂದು ಒಳಗೆ ಹಸಿ ಉಳಿದ ಗಂಟುಗಳಾಗುತ್ತವೆ. ಹಿಟ್ಟು ಬಿದ್ದ ಮೇಲೆ ಹದಿನೈದು ನಿಮಿಷ ಒಲೆ ಬಿಟ್ಟು ಕದಲಬೇಡಿ, ತಳ ಹತ್ತುವುದು ಆಗಲೇ. ನಿಮಗೆ ಬೇಕಾದ ಹದಕ್ಕಿಂತ ತುಸು ತೆಳ್ಳಗಿರುವಾಗಲೇ ಇಳಿಸಿ, ಆರುತ್ತ ಆರುತ್ತ ಗಟ್ಟಿಯಾಗುತ್ತದೆ.

ಎಡೆಯ ಪಾಲು ತೆಗೆದಿಟ್ಟ ಮೇಲೆ ಬಳ್ಳೊಳ್ಳಿ ಒಗ್ಗರಣೆ. ಮೆಂತೆಪಲ್ಯವನ್ನು ಬೇರೆ ಬಾಣಲೆಯಲ್ಲಿ ಎಣ್ಣೆ, ಉಪ್ಪು ಹಾಕಿ ಹುರಿದುಕೊಂಡು, ಮಕ್ಕಳದ್ದು ಬಿಟ್ಟು ದೊಡ್ಡವರ ಪಾಲಿಗಷ್ಟೇ ಕಲಸಿ. ಹಿಟ್ಟು ಹಾಕಿದ್ದೇ ಖರೆ ಭಜ್ಜಿಯೋ ಅಲ್ಲವೋ ಎಂಬ ಬೀಗರ ವಾದಕ್ಕೆ ನಾವು ಇಳಿಯುವುದಿಲ್ಲ. ಆದರೆ ಹೊಲದಲ್ಲಿ ಕೈಯಲ್ಲೇ ರೊಟ್ಟಿ ಹಿಡಿದು ಉಣ್ಣುವಾಗ ಹಿಟ್ಟಿನ ಭಜ್ಜಿ ಜಾರುವುದಿಲ್ಲ ಎಂಬುದು ನಿಜ.

ಒಯ್ಯುವುದಕ್ಕೆ ಸ್ಟೀಲ್ ಡಬ್ಬಿ ಬಳಸಿ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಹುಳಿ ಪದಾರ್ಥ ಇಡಲೇಬೇಡಿ.

ಪ್ರಶ್ನೆ: ಕಾಳು ಕುಕ್ಕರ್‌ನಲ್ಲಿ ಬೇಯಿಸಬಹುದೇ? (ಹುಮನಾಬಾದ್)

ಉತ್ತರ: ಬೇಯಿಸಿ. ಎಳೆ ಕಾಳಿಗೆ ಒಂದೇ ಸೀಟಿ. ಸೊಪ್ಪನ್ನು ಮಾತ್ರ ಕುಕ್ಕರ್‌ಗೆ ಹಾಕಬೇಡಿ.

ಪ್ರಶ್ನೆ: ಸಜ್ಜೆ ಕಡಬು ಬೇಯುವಾಗ ಸೀಳುತ್ತವೆ. ಕಳೆದ ವರ್ಷ ಕಹಿಯೂ ಆಗಿದ್ದವು. (ಸೇಡಂ)

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ. ಕಹಿ ಹಿಟ್ಟಿನದು. ಸಜ್ಜೆಯಲ್ಲಿ ಜೋಳಕ್ಕಿಂತ ಎಣ್ಣೆಯಂಶ ಹೆಚ್ಚು. ಬೀಸಿದ ಮೇಲೆ ಅದು ಬೇಗ ಕೆಟ್ಟು ಕಹಿ, ಕಮಟು ಬರುತ್ತದೆ. ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಬೀಸಿಸಿ, ತಿಂಗಳ ಮುಂಚೆ ಅಲ್ಲ.

ಸೀಳುವುದು ನೀರಿನ ದೋಷ. ಗೋಧಿಗಿರುವ ಅಂಟು ಸಜ್ಜೆಗಿಲ್ಲ. ಹಿಟ್ಟು ಹಿಡಿದು ನಿಲ್ಲಬೇಕಾದರೆ ಕುದಿಯುವ ನೀರೇ ಬೇಕು. ಒಂದು ಲೋಟ ಹಿಟ್ಟಿಗೆ ಮುಕ್ಕಾಲು ಲೋಟ ನೀರನ್ನು ಉಪ್ಪು ಹಾಕಿ ಮರಳಿಸಿ, ಹಿಟ್ಟಿಗೆ ಹಾಕಿ ಸೌಟಿನಿಂದ ಕಲಸಿ, ಐದು ನಿಮಿಷ ಮುಚ್ಚಿಡಿ. ಬಿಸಿ ಇರುವಾಗಲೇ ಚೆನ್ನಾಗಿ ನಾದಬೇಕು. ಉಂಡೆ ಒತ್ತಿದಾಗ ಅಂಚು ಬಿರಿದರೆ ಇನ್ನೂ ನೀರು ಬೇಕು, ಅಂಗೈಗೆ ಅಂಟಿದರೆ ಹೆಚ್ಚಾಗಿದೆ. ನಿಂಬೆ ಗಾತ್ರದ ಉಂಡೆಯ ನಡುವೆ ಹೆಬ್ಬೆರಳಿಂದ ಗುಳಿ ಮಾಡಿ, ಹಬೆ ಮೇಲೆ ಬಂದ ನಂತರ ಹದಿನೆಂಟರಿಂದ ಇಪ್ಪತ್ತು ನಿಮಿಷ ಬೇಯಿಸಿ. ಗುಳಿ ಇಲ್ಲದಿದ್ದರೆ ನಡುಭಾಗ ಹಸಿ ಉಳಿಯುತ್ತದೆ. ಮುಟ್ಟಿದರೆ ಅಂಟಬಾರದು, ಅದೇ ಗುರುತು. ಹಲ್ಲಿಲ್ಲದ ಹಿರಿಯರಿಗೆ ಬಿಸಿ ಕಡಬನ್ನೇ ತೆಳ್ಳನೆ ಭಜ್ಜಿಯಲ್ಲಿ ಮುರಿದು ನೆನೆಸಿಕೊಡಿ, ಆರಿದ ಕಡಬು ಅವರಿಗೆ ಆಗದು.

ಪ್ರಶ್ನೆ: ಹೊಲ ಮುಟ್ಟುವಷ್ಟರಲ್ಲಿ ಅಂಬಲಿ ಒಡೆದು ನೀರೇ ಬೇರೆ ಆಗುತ್ತದೆ. (ಶಹಾಪುರ)

ಉತ್ತರ: ಬಿಸಿ ಅಂಬಲಿಗೆ ಮಜ್ಜಿಗೆ ಹಾಕುತ್ತಿದ್ದೀರಿ. ಒಂದು ಲೋಟ ಜೋಳದ ಹಿಟ್ಟನ್ನು ಎರಡು ಲೋಟ ನೀರಲ್ಲಿ ರಾತ್ರಿ ಕಲಸಿಡಿ. ಬೆಳಿಗ್ಗೆ ಅದನ್ನು ಐದು ಲೋಟ ಕುದಿಯುವ ನೀರಿಗೆ ಸುರಿದು ಹದಿನೈದು ನಿಮಿಷ ತಿರುವಿ ಬೇಯಿಸಿ, ಪೂರ್ತಿ ಆರಿಸಿ. ಮೂರು ಲೋಟ ಮಜ್ಜಿಗೆಯನ್ನು ಬೇರೆ ಪಾತ್ರೆಯಲ್ಲೇ ಒಯ್ದು, ಪಾಂಡವರ ಪೂಜೆ, ಚರಗ (ಹೊಲದಲ್ಲಿ ಎಡೆ ಚೆಲ್ಲುವುದು) ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಕೂಡಿಸಿ. ಜಜ್ಜಿದ ಬಳ್ಳೊಳ್ಳಿ, ಜೀರಿಗೆ, ಉಪ್ಪು ಆಗಲೇ ಹಾಕಿ.

ಪ್ರಶ್ನೆ: ಶೇಂಗಾ ಹೋಳಿಗೆ ಲಟ್ಟಿಸುವಾಗ ಹರಿದು ಎಣ್ಣೆ ಬಿಡುತ್ತದೆ. ಇನ್ನೊಂದು: ಹೂರಣಕ್ಕೆ ನಮ್ಮಲ್ಲಿ ತೊಗರಿಬೇಳೆ, ಸೊಸೆಯ ತವರಲ್ಲಿ ಕಡಲೆಬೇಳೆ. ಯಾವುದು ಸರಿ? (ಆಳಂದ)

ಉತ್ತರ: ಶೇಂಗಾವನ್ನು ಮಿಕ್ಸಿಯಲ್ಲಿ ಬಹಳ ಹೊತ್ತು ತಿರುಗಿಸಿದ್ದೀರಿ. ಹುರಿದು ಸಿಪ್ಪೆ ತೆಗೆದು, ಪೂರ್ತಿ ಆರಿದ ಮೇಲೆ ತಡೆತಡೆದು ತಿರುಗಿಸಿ, ಸಣ್ಣ ರವೆಯಷ್ಟು ತರಿ ಇರಲಿ. ಒಂದು ಲೋಟ ಪುಡಿಗೆ ಮುಕ್ಕಾಲು ಲೋಟ ಬೆಲ್ಲ, ಎರಡು ಚಮಚ ಹುರಿದ ಎಳ್ಳು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ನಿಲ್ಲದಿದ್ದರೆ ಒಂದು ಚಮಚ ಬಿಸಿನೀರು ಚಿಮುಕಿಸಿ.

ಹೂರಣಕ್ಕೆ ಎರಡೂ ಸರಿ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿ ಮನೆಯಲ್ಲೇ ಇರುವಾಗ ನಮ್ಮ ಒಲವು ಯಾವ ಕಡೆ ಎಂದು ಹೇಳಬೇಕಿಲ್ಲ! ಆದರೆ ತೊಗರಿಬೇಳೆ ಬೇಗ ಬೆಂದು ಕರಗುತ್ತದೆ. ಕಾಳು ಮುರಿಯುವ ಹಂತದಲ್ಲೇ ಬಸಿದು, ಕಾಲು ಗಂಟೆ ಜರಡಿಯಲ್ಲೇ ಬಿಡಿ, ನೀರು ಉಳಿದರೆ ಬೆಲ್ಲ ಬಿದ್ದ ಕೂಡಲೇ ಹೂರಣ ಗಂಜಿಯಾಗುತ್ತದೆ. ಬೇಳೆಯ ಅಳತೆಯ ಮುಕ್ಕಾಲು ಪಾಲು ಬೆಲ್ಲ ಸಾಕು. ಬಸಿದ ಕಟ್ಟನ್ನು ಚೆಲ್ಲಬೇಡಿ, ಸಾರಿಗೆ ಅದೇ ಬೇಕು.