ಮಳೆಯಿಲ್ಲದ ಊರಿಗೆ ಹಿತ್ತಲಿನಿಂದ ಬಂದ ನೆರೆ

ಕೃಷ್ಣಾ ತೀರದ ಓದುಗರ ಪ್ರಶ್ನೆಗಳಿಗೆ ನಿವೃತ್ತ ನೀರಾವರಿ ಇಂಜಿನಿಯರ್ ಒಬ್ಬರ ಉತ್ತರ

ಪ್ರಶ್ನೆ: ನಮ್ಮದು ಅಥಣಿ ತಾಲ್ಲೂಕಿನ ಹೊಳೆದಂಡೆಯ ಊರು. ಕಳೆದ ಬಾರಿ ನೆರೆ ಬಂದಾಗ ನಮ್ಮಲ್ಲಿ ನಾಲ್ಕು ದಿನಗಳಿಂದ ಹನಿ ಮಳೆಯಿರಲಿಲ್ಲ. ದಂಡೆ ಮುಳುಗಲು ಇನ್ನೂ ನಾಲ್ಕು ಅಡಿ ಬಾಕಿಯಿದೆ ಎಂದು ನೋಡಿಕೊಂಡೇ ಮಲಗಿದ್ದೆವು. ಬೆಳಗಾಗುವಷ್ಟರಲ್ಲಿ ಊರ ಹಿಂದಿನ ಕಬ್ಬಿನ ಹೊಲದಲ್ಲಿ ಸೊಂಟದುದ್ದ ನೀರು, ತೋಟದ ಮನೆಯ ದಾರಿ ಬಂದ್. ಹೊಳೆ ಊರ ಮುಂದಿದೆ, ನೀರು ಹಿಂದಿನಿಂದ ಬಂತು. ಇದು ಹೇಗೆ ಸಾಧ್ಯ?

ಉತ್ತರ: ನಿಮ್ಮೂರ ಹಳ್ಳದ ದಾರಿಯಲ್ಲಿ ಬಂದಿದೆ.

ಮೊದಲು ಮಳೆಯ ಮಾತು. ನಿಮ್ಮ ಹೊಳೆಗೂ ನಿಮ್ಮೂರ ಮುಗಿಲಿಗೂ ಹೆಚ್ಚಿನ ಸಂಬಂಧವಿಲ್ಲ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅಥಣಿಯ ಕಡೆ 600ರ ಆಸುಪಾಸು. ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಬಳಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಕೂಡಿಕೊಂಡು, ಗಡಿ ದಾಟಿದ ಮೇಲೆ ದೂಧಗಂಗೆಯೂ ಸೇರಿ ನಿಮ್ಮ ಮುಂದೆ ಹಾಯುತ್ತದೆ. ಘಟ್ಟದ ಮಳೆ ನಿಮ್ಮ ಬಿಸಿಲಿನಲ್ಲಿ ಬಂದು ನಿಲ್ಲುವುದು ಹೀಗೆ.

ಇನ್ನು ಹಿತ್ತಲಿನ ವಿಷಯ. ಹೊಳೆ ಪ್ರತಿ ಪ್ರವಾಹದಲ್ಲೂ ಮರಳನ್ನೂ ದಪ್ಪ ಮಣ್ಣನ್ನೂ ದಂಡೆಯ ಮೇಲೇ ಬಿಟ್ಟು, ನುಣ್ಣನೆಯ ಮಣ್ಣನ್ನು ಮಾತ್ರ ದೂರ ಒಯ್ಯುತ್ತದೆ. ನೂರಾರು ವರ್ಷ ಹೀಗೆ ನಡೆದು ದಂಡೆ ಎತ್ತರವಾಗಿದೆ, ಅದರ ಹಿಂದಿನ ಎರೆಹೊಲ ತಗ್ಗಾಗಿ ಉಳಿದಿದೆ. ಕಣ್ಣಿಗೆ ಎಲ್ಲವೂ ಸಪಾಟಾಗಿ ಕಾಣುವುದರಿಂದ ಯಾರೂ ನಂಬುವುದಿಲ್ಲ. ಲೆವೆಲ್ ಹಿಡಿದು ಅಳೆದರೆ ಗೊತ್ತಾಗುತ್ತದೆ. ಈ ತಗ್ಗಿನ ನೀರನ್ನು ಹೊಳೆಗೆ ಒಯ್ಯಲು ಹಳ್ಳ ದಂಡೆಯನ್ನು ಕೊರೆದುಕೊಂಡು ಹೋಗಿರುತ್ತದೆ. ಹೊಳೆ ಹಳ್ಳಕ್ಕಿಂತ ಮೇಲೆದ್ದ ಕ್ಷಣ ಅದೇ ಕೊರಕಲು ಬಾಗಿಲಾಗುತ್ತದೆ. ನೀರು ದಂಡೆ ಹತ್ತುವ ಗೋಜಿಗೇ ಹೋಗದೆ ಒಳಗೆ ನುಗ್ಗಿ ಹಿಂದಿನ ತಗ್ಗನ್ನು ತುಂಬುತ್ತದೆ. ನೀವು ದಂಡೆ ಕಾಯುತ್ತಿದ್ದಾಗ ಅದು ಹಿತ್ತಲಿಗೆ ಬಂದಾಗಿತ್ತು.

ಅದಕ್ಕೇ ನಾನು ಹಳ್ಳಿಗಳಿಗೆ ಹೋದಲ್ಲೆಲ್ಲ ಹೇಳುವುದು ಒಂದೇ: ಹೊಳೆ ಏರುತ್ತಿರುವಾಗ ತಾಸಿಗೊಮ್ಮೆ ಹಳ್ಳದ ಸೇತುವೆಯ ಮೇಲೆ ನಿಂತು ಒಂದು ಹಿಡಿ ಹೊಟ್ಟು ಎಸೆಯಿರಿ. ಅದು ಹೊಳೆಯ ಕಡೆ ತೇಲಿದರೆ ಸಮಯವಿದೆ. ನಿಂತಲ್ಲೇ ಗಿರಕಿ ಹೊಡೆದರೆ ದನಗಳ ಹಗ್ಗ ಬಿಚ್ಚಿ ಎತ್ತರದ ಮಡ್ಡಿಯ ಕಡೆ ಹೊಡೆಯಿರಿ. ವಯಸ್ಸಾದವರನ್ನೂ ಮಕ್ಕಳನ್ನೂ ತೋಟದ ಮನೆಯಿಂದ ಆಗಲೇ ಕರೆತನ್ನಿ. ಹೊಟ್ಟು ಊರ ಕಡೆ ತೇಲತೊಡಗಿದರೆ ಆ ದಾರಿ ಇನ್ನು ಹೆಚ್ಚು ಹೊತ್ತು ನಿಮ್ಮದಲ್ಲ.

ಒಂದು ಮಾತು ಕಹಿಯಾದರೂ ಹೇಳಿಬಿಡುತ್ತೇನೆ. ನೆರೆ ಇಳಿದ ಮೇಲೂ ಹೊಲದಲ್ಲಿ ವಾರಗಟ್ಟಲೆ ನೀರು ನಿಲ್ಲುವುದಕ್ಕೆ ಹೊಳೆ ಕಾರಣವಲ್ಲ. ಹಳ್ಳದ ಎರಡೂ ಬದಿ ಎರಡೆರಡು ಸಾಲು ಕಬ್ಬು ಒಳಗೆ ಸರಿಸಿದವರು ನಾವೇ, ರಸ್ತೆಯ ಕೆಳಗೆ ಎರಡು ಸಿಮೆಂಟ್ ಪೈಪು ಹೂತು ಮೋರಿಯೆಂದು ಕರೆದವರೂ ನಾವೇ.

ಪ್ರಶ್ನೆ: 'ರಾಜಾಪುರದಿಂದ 1 ಲಕ್ಷ ಕ್ಯೂಸೆಕ್ ಬಿಟ್ಟಿದ್ದಾರೆ' ಎಂದು ಮೊಬೈಲ್‌ಗೆ ಬರುತ್ತದೆ. ಅಷ್ಟು ನೀರೆಂದರೆ ಎಷ್ಟು? ನಮ್ಮೂರಿಗೆ ಎಷ್ಟು ತಾಸಿಗೆ ಬರುತ್ತದೆ? – ರಾಯಬಾಗ ತಾಲ್ಲೂಕಿನ ಓದುಗರು

ಉತ್ತರ: ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್, ಎರಡು ಕೊಡ ಎಂದಿಟ್ಟುಕೊಳ್ಳಿ. 1 ಲಕ್ಷ ಕ್ಯೂಸೆಕ್ ಒಂದು ಇಡೀ ದಿನ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಆಗುತ್ತದೆ. ಆ ಲೆಕ್ಕದಲ್ಲಿ ಮಲಪ್ರಭೆಯ ನವಿಲುತೀರ್ಥ ಜಲಾಶಯ ಬರಿದಾಗಿದ್ದರೂ ಐದು ದಿನ ತುಂಬುವ ಮೊದಲೇ ಕೋಡಿ ಬೀಳುತ್ತದೆ.

'ಬಿಟ್ಟಿದ್ದಾರೆ' ಎಂಬ ಮಾತು ಮಾತ್ರ ತಪ್ಪು. ಗಡಿಯಾಚೆ ಮಹಾರಾಷ್ಟ್ರದ ರಾಜಾಪುರದಲ್ಲಿರುವುದು ಕೊಲ್ಲಾಪುರ ಮಾದರಿಯ ಬಾಂದಾರ, ಅಂದರೆ ಹಲಗೆ ಇಳಿಸಿ ನೀರು ನಿಲ್ಲಿಸುವ ಒಡ್ಡು. ಅಂಥ ಬಾಂದಾರಗಳ ಹಲಗೆಗಳನ್ನು ಮಳೆಗಾಲಕ್ಕೆ ಮೊದಲೇ ತೆಗೆದಿರುತ್ತಾರೆ. ಬಂದ ನೀರು ಬಂದಂತೆ ಹೋಗುತ್ತದೆ. ಅಲ್ಲಿ ತಡೆದು ಹಿಡಿಯುವವರೂ ಇಲ್ಲ, ಬಿಡುವವರೂ ಇಲ್ಲ. ಬಿಡುವ ಮಾತು ಬರುವುದು ಅದಕ್ಕೂ ಮೇಲಿನ ಕೊಯ್ನಾದಂಥ ಅಣೆಕಟ್ಟುಗಳಲ್ಲಿ. ಜೊತೆಗೆ ರಾಜಾಪುರದ ಅಂಕಿಯೊಂದನ್ನೇ ಓದಿ ಸುಮ್ಮನಾಗಬೇಡಿ. ದೂಧಗಂಗೆಯ 25 ಸಾವಿರ ಕೂಡಿದರೆ ಎರಡೂ ಕೂಡುವ ಕಲ್ಲೋಳದ ಕೆಳಗೆ ನಿಮ್ಮ ಪಾಲಿಗೆ ಬರುವುದು 1.25 ಲಕ್ಷ.

ತಾಸಿನ ಪ್ರಶ್ನೆಗೆ ನಾನು ಅಂಕಿ ಕೊಟ್ಟರೆ ಅದು ನಿಮ್ಮೂರಿಗೆ ಹೊಂದುವುದಿಲ್ಲ. ಖಾಲಿ ಹೊಳೆಯಲ್ಲಿ ಬರುವ ನೀರಿನ ನಡೆಯೇ ಬೇರೆ, ಆಗಲೇ ತುಂಬಿದ ಹೊಳೆಯದ್ದೇ ಬೇರೆ. ನಿಮ್ಮ ದೇವಸ್ಥಾನದ ಮೆಟ್ಟಿಲುಗಳಿಗೆ ಬಣ್ಣದಲ್ಲಿ ಅಡಿ ಗುರುತು ಹಾಕಿ. ಒಂದು ನೋಟ್‌ಬುಕ್ಕಿನಲ್ಲಿ ಮೂರೇ ಕಾಲಂ: ರಾಜಾಪುರ ಮತ್ತು ದೂಧಗಂಗೆ ಕೂಡಿದ ಅಂಕಿ, ಅದು ಪ್ರಕಟವಾದ ಸಮಯ, ನಿಮ್ಮ ಎಷ್ಟನೆಯ ಮೆಟ್ಟಿಲು ಎಷ್ಟು ಗಂಟೆಗೆ ಮುಳುಗಿತು. ಎರಡು ಮಳೆಗಾಲ ಬರೆದರೆ ನನ್ನನ್ನು ಕೇಳುವ ಅಗತ್ಯ ಬೀಳದು. ಹಿರಿಯರಿದ್ದರೆ 2005, 2019, 2021ರ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ ಶಾಲೆಯ ಗೋಡೆಗೆ ಗೆರೆ ಎಳೆಸಿ.

ಪ್ರಶ್ನೆ: ನೆರೆ ಬಂದು ಹೋದ ಕಬ್ಬು ಉಳಿಯುತ್ತದೆಯೇ?

ಉತ್ತರ: ನಾನು ನೀರಿನವನು, ಬೆಳೆಯವನಲ್ಲ. ಕಬ್ಬಿನ ತುದಿಯ ಸುಳಿ ನೀರಿನ ಮೇಲಿದ್ದರೆ ಆಸೆ ಇಟ್ಟುಕೊಳ್ಳಬಹುದು. ಸುಳಿಯೊಳಗೆ ರಾಡಿ ಇಳಿದಿದ್ದರೆ ಕೃಷಿ ಅಧಿಕಾರಿಗಳಿಗೆ ತೋರಿಸಿ.

ಪ್ರಶ್ನೆ: ದಂಡೆಯ ಮೇಲಿನ ಪಂಪ್‌ಸೆಟ್ ಎತ್ತಲು ಕೊನೆಯ ಗಳಿಗೆಯವರೆಗೆ ಕಾಯಬಹುದೇ? ಒಮ್ಮೆ ಎತ್ತಿ ಇಳಿಸಲು ಕೂಲಿಯೇ ಬಹಳವಾಗುತ್ತದೆ.

ಉತ್ತರ: ಕಾಯಬೇಡಿ. ಕೂಲಿ ಉಳಿಸಲು ಹೋಗಿ ಕತ್ತಲಲ್ಲಿ ಎದೆಮಟ್ಟ ನೀರಿಗಿಳಿದು ಸ್ಟಾರ್ಟರ್ ಪೆಟ್ಟಿಗೆ ಮುಟ್ಟುವವರಿದ್ದಾರೆ. ಪೆಟ್ಟಿಗೆಯ ಬುಡಕ್ಕೆ ನೀರು ತಾಗಿತೆಂದರೆ ಮೋಟಾರ್ ಹೋಯಿತು ಎಂದೇ ತಿಳಿದು ಹಿಂದೆ ಸರಿಯಿರಿ; ಲೈನ್‌ಮ್ಯಾನ್ ಟಿಸಿ (ವಿದ್ಯುತ್ ಟ್ರಾನ್ಸ್‌ಫಾರ್ಮರ್) ಬಂದ್ ಮಾಡಿದ್ದೇನೆ ಎಂದು ಬಾಯಿಬಿಟ್ಟು ಹೇಳುವವರೆಗೆ ಹತ್ತಿರ ಹೋಗಬೇಡಿ. ಎತ್ತುವುದಿದ್ದರೆ ಹಗಲಿನಲ್ಲಿ, ನಾಲ್ಕು ಮಂದಿ ಕೂಡಿ, ಹೊಟ್ಟು ಇನ್ನೂ ಹೊಳೆಯ ಕಡೆ ತೇಲುತ್ತಿರುವಾಗಲೇ ಎತ್ತಿ. ಮೋಟಾರ್ ಹೇರಿಕೊಂಡು ಮರಳುವಾಗ ಮುಳುಗಿದ ಸೇತುವೆ ಎದುರಾದರೆ ಟ್ರ್ಯಾಕ್ಟರ್ ಅಲ್ಲೇ ನಿಲ್ಲಿಸಿ. ಹರಿಯುವ ನೀರು ಎರಡು ಅಡಿಯಿದ್ದರೆ ಸಾಕು, ಹೆಚ್ಚಿನ ವಾಹನಗಳನ್ನು ಎಳೆದೊಯ್ಯುತ್ತದೆ. ರಾಡಿ ನೀರಿನ ಕೆಳಗೆ ಸೇತುವೆ ಇನ್ನೂ ಇದೆಯೋ, ಕಿತ್ತುಹೋಗಿದೆಯೋ ಎಂಬುದು ಮೇಲಿನಿಂದ ಕಾಣುವುದೂ ಇಲ್ಲ.